ಹೋಮ್‌ಲೈಟ್ ಎಕ್ಸ್‌ಎಲ್-12: ಹಳೆ ಚೈನ್‌ಸಾ ರಿಪೇರಿ ಕಲಿಯೋಕೆ ಇದಕ್ಕಿಂತ ಒಳ್ಳೆ ಮೆಷಿನ್ ನಾನು ಕಂಡಿಲ್ಲ

ನನ್ನ ಹತ್ರ ಈಗ 11 ಹಳೆ ಚೈನ್‌ಸಾಗಳಿವೆ, ಅಂದರೆ ಪೆಟ್ರೋಲ್ ಎಂಜಿನ್‌ನಲ್ಲಿ ಓಡುವ ಮರ ಕೊಯ್ಯೋ ಮೆಷಿನ್‌ಗಳು. ಅದರಲ್ಲಿ ಮೂರು ಹೋಮ್‌ಲೈಟ್ ಎಕ್ಸ್‌ಎಲ್-12. ಒಂದೇ ಮಾಡೆಲ್ ಮೂರು ಯಾಕೆ ಅಂತ ನೋಡಿದವರೆಲ್ಲ ಕೇಳುತ್ತಾರೆ. ಮೊದಲನೆಯದರಲ್ಲಿ ನಾನು ರಿಪೇರಿ ಕಲಿತೆ. ಎರಡನೆಯದನ್ನು ಬಿಡಿಭಾಗಕ್ಕೆ ಅಂತ ಇಟ್ಟುಕೊಂಡಿದ್ದೇನೆ. ಮೂರನೆಯದು ಕಳೆದ ತಿಂಗಳಷ್ಟೇ ಮತ್ತೆ ಸ್ಟಾರ್ಟ್ ಆಯಿತು. ಇಲ್ಲಿ ಬರೆಯುತ್ತಿರುವುದು ಈ ಮೂರನೆಯದರ ಬಗ್ಗೆ. ಹಳೆ ಚೈನ್‌ಸಾ ರಿಪೇರಿಗೆ ಹೊಸದಾಗಿ ಕೈ ಹಾಕುವವರು ಇದರಿಂದಲೇ ಶುರು ಮಾಡಲಿ ಅನ್ನೋದು ನನ್ನ ಆಸೆ.

ಇದು 1960ರ ದಶಕದ ಮೊದಲರ್ಧದಲ್ಲಿ ಬಂದ ಮೆಷಿನ್. ಎಂಜಿನ್ 54 ಸಿಸಿ. ಬಾರ್ (ಚೈನ್ ಓಡುವ ಉದ್ದನೆ ಪಟ್ಟಿ) ಮತ್ತು ಚೈನ್ ಬಿಟ್ಟರೆ ತೂಕ 6 ಕಿಲೋಗಿಂತ ಕಡಿಮೆ. ಇವತ್ತು ಈ ಲೆಕ್ಕ ಕೇಳಿದರೆ ಏನೂ ಅನ್ನಿಸಲ್ಲ. ಆದರೆ 1959ರಲ್ಲಿ ಬಂದ, ಸ್ಟಿಲ್ ಕಂಪನಿಯ ಕಾಂಟ್ರಾ ಚೈನ್‌ಸಾ ನೋಡಿ. 106 ಸಿಸಿ, ಹತ್ತಿರಹತ್ತಿರ 12 ಕಿಲೋ. ಅದರ ಶಕ್ತಿಯೇ ಬೇರೆ, ದೊಡ್ಡ ದಿಮ್ಮಿಗೆ ಅದೇ ಬೇಕು. ಆದರೆ ಎತ್ತಿ ಹಿಡಿದು ಕೊಂಬೆ ಸವರೋದಕ್ಕೆ ಎಕ್ಸ್‌ಎಲ್-12 ಕೊಟ್ಟ ಆರಾಮ ಆ ಕಾಲದಲ್ಲಿ ದೊಡ್ಡ ವಿಷಯ. ಮೈಯೆಲ್ಲ ಮೆಗ್ನೀಸಿಯಂ ಎರಕ ಆಗಿರುವುದರಿಂದಲೇ ಇಷ್ಟು ಹಗುರ. ಈ ಮೆಗ್ನೀಸಿಯಂ ನನಗೆ ಕಲಿಸಿದ ಪಾಠ ಮುಂದೆ ಹೇಳುತ್ತೇನೆ.

ರಿಪೇರಿ ಕಲಿಯೋಕೆ ಇದು ಯಾಕೆ ಒಳ್ಳೆಯದು? ಈ ಮೆಷಿನ್ ಏನನ್ನೂ ಮುಚ್ಚಿಡಲ್ಲ. ಮೇಲಿನ ಮುಚ್ಚಳ ತೆಗೆದರೆ ಏರ್ ಫಿಲ್ಟರ್. ಫಿಲ್ಟರ್ ತೆಗೆದರೆ ಕಾರ್ಬೋರೇಟರ್. ಅದನ್ನು ಬಿಚ್ಚಿ ಈಚೆ ತೆಗೆದರೆ ಹಿಂದೆ ರೀಡ್ ವಾಲ್ವ್, ಅಂದರೆ ಒಳಗೆ ಹೋದದ್ದು ವಾಪಸ್ ಬರದಂತೆ ತಡೆಯುವ ತೆಳು ಪಟ್ಟಿ. ಪೆಟ್ರೋಲ್ ಎಲ್ಲಿಂದ ಬರುತ್ತದೆ, ಗಾಳಿ ಎಲ್ಲಿ ಸೇರುತ್ತದೆ, ಎಲ್ಲಿ ಒಳಗೆ ಹೋಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಈಗಿನ ಕೆಲವು ಮೆಷಿನ್‌ಗಳಲ್ಲಿ ಒಂದು ಪೈಪ್ ಬದಲಿಸೋಕೆ ಅರ್ಧ ಮೆಷಿನ್ ಬಿಚ್ಚಬೇಕು.

ಪೈಪ್ ಅಂದಾಗ ಹೇಳಲೇಬೇಕು. ಈ ಮಾಡೆಲ್‌ನಲ್ಲಿ ತಾಳ್ಮೆ ಪರೀಕ್ಷೆ ಮಾಡುವ ಜಾಗ ಒಂದೇ, ಅದು ಪೆಟ್ರೋಲ್ ಪೈಪ್. ಟ್ಯಾಂಕ್‌ನಿಂದ ಕಾರ್ಬೋರೇಟರ್ ಇರುವ ಗೂಡಿಗೆ ಒಂದು ತೂತಿನ ಮೂಲಕ ಬರುತ್ತದೆ. ಆ ತೂತಲ್ಲಿ ಪೈಪ್ ಬಿಗಿಯಾಗಿ ಕೂತರೆ ಮಾತ್ರ ಲೀಕ್ ಆಗಲ್ಲ. ನನ್ನದರಲ್ಲಿ ಹಳೆ ಪೈಪ್ ಒಣಗಿ, ಮುಟ್ಟಿದರೆ ಪುಡಿ ಉದುರುವಂತಾಗಿತ್ತು. ಹೊಸ ಪೈಪಿನ ತುದಿಯನ್ನು ಓರೆಯಾಗಿ, ಪೆನ್ಸಿಲ್ ಚೂಪು ಮಾಡಿದ ಹಾಗೆ ಉದ್ದಕ್ಕೆ ಕತ್ತರಿಸಿದೆ. ಒಂದು ಹನಿ ಟೂ ಸ್ಟ್ರೋಕ್ ಆಯಿಲ್ ಸವರಿದೆ. ಟ್ಯಾಂಕ್ ಬಾಯಿಂದ ಒಳಗೆ ಬಿಟ್ಟು, ತುದಿ ತೂತಿನಲ್ಲಿ ಇಣುಕಿದ ಕೂಡಲೇ ಉದ್ದ ಮೂತಿಯ ಪ್ಲೈಯರ್‌ನಿಂದ ಹಿಡಿದು ನಿಧಾನವಾಗಿ ಎಳೆದೆ. ಮೂರು ಸಲ ಜಾರಿತು. ನಾಲ್ಕನೇ ಸಲ ರಬ್ಬರ್ ಕಿರ್ ಅಂತ ಸದ್ದು ಮಾಡುತ್ತಾ ಬಂದು ಗಟ್ಟಿಯಾಗಿ ಕೂತಿತು. ಓರೆ ತುದಿ ಕತ್ತರಿಸಿ ಕಾರ್ಬೋರೇಟರ್‌ಗೆ ಸಿಕ್ಕಿಸಿದೆ. ಇಷ್ಟು ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಆದರೆ ಆಮೇಲೆ ಒಂದು ಹನಿಯೂ ಸೋರಿಲ್ಲ.

ಕಾರ್ಬೋರೇಟರ್ ಕಿಟ್ ವಿಷಯದಲ್ಲಿ ಮಾತ್ರ ಬೇಜಾರಾಯಿತು. ಮೊದಲು ತರಿಸಿದ ಅಗ್ಗದ ಕಿಟ್‌ನಲ್ಲಿ ಡಯಾಫ್ರಮ್ (ಕಾರ್ಬೋರೇಟರ್ ಒಳಗಿನ ಬಾಗುವ ಪೊರೆ) ದಪ್ಪ, ಬೆರಳಲ್ಲಿ ಒತ್ತಿದರೆ ಹೊಸದೇ ಆದರೂ ಕಾಗದದ ಹಾಗೆ ಸದ್ದು ಮಾಡುತ್ತಿತ್ತು. ಡಯಾಫ್ರಮ್ ಮೆತ್ತಗಿರಬೇಕು. ಎಂಜಿನ್ ಎಳೆಯುವ ಗಾಳಿಗೆ ಅದು ಬಾಗಿ, ಸಣ್ಣ ಲಿವರ್ ಒತ್ತಿ, ಸೂಜಿ ಎತ್ತಿದರೆ ತಾನೇ ಪೆಟ್ರೋಲ್ ಬರೋದು? ಗಡುಸಾದ ಡಯಾಫ್ರಮ್ ಹಾಕಿದ್ದಕ್ಕೆ ಮೆಷಿನ್ ಸ್ಟಾರ್ಟ್ ಆಗಿ, ಆಕ್ಸಿಲರೇಟರ್ ಒತ್ತಿದ ತಕ್ಷಣ ಸಾಯುತ್ತಿತ್ತು. ಎರಡು ಸಂಜೆ ಸ್ಕ್ರೂ ತಿರುಗಿಸುತ್ತಾ ಕಳೆದೆ. ಕೊನೆಗೆ ಬೇರೆ ಕಿಟ್ ತರಿಸಿ ಹಾಕಿದ ಮೇಲೆ ಸರಿಹೋಯಿತು. ಇನ್ನೊಂದು ಮಾತು. ಲಿವರ್ ಇರುವ ಕಡೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಮ್. ಅದಲು ಬದಲು ಮಾಡಿದರೆ ಡಯಾಫ್ರಮ್‌ಗೂ ಲಿವರ್‌ಗೂ ನಡುವಿನ ಅಂತರವೇ ಬದಲಾಗುತ್ತದೆ. ಬಿಚ್ಚುವಾಗ ಪ್ರತಿ ಹಂತಕ್ಕೂ ಒಂದು ಫೋಟೋ ತೆಗೆದಿಡಿ.

ಇದೆಲ್ಲಕ್ಕೂ ಮುಂಚೆ, ಶುರುವಿನಲ್ಲಿ ಪ್ಲಗ್‌ನಲ್ಲಿ ಕಿಡಿಯೇ ಬರುತ್ತಿರಲಿಲ್ಲ. ಹಳೆಯ ಎಕ್ಸ್‌ಎಲ್-12ರಲ್ಲಿ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಮತ್ತು ಅದರ ಜೊತೆಗಿರುವ ಕಂಡೆನ್ಸರ್, ಎಂಜಿನ್ ಜೊತೆ ತಿರುಗುವ ಚಕ್ರವಾದ ಫ್ಲೈವೀಲ್ ಅಡಿಯಲ್ಲಿವೆ. ಫ್ಲೈವೀಲ್ ತೆಗೆಯೋಕೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ರೆಕ್ಕೆ ಮುರಿದರೆ ಕಥೆ ಮುಗೀತು. ಒಳಗೆ ನೋಡಿದರೆ ಪಾಯಿಂಟ್ ಮೇಲೆ ಬೂದು ಬಣ್ಣದ ತೆಳು ಪೊರೆ ಕಟ್ಟಿತ್ತು. ನಯವಾದ ಎಮರಿ ಪೇಪರ್ ಎರಡು ಸಲ ಎಳೆದು, ಆಮೇಲೆ ಶುಭ್ರ ಬಿಳಿ ಕಾಗದದ ಪಟ್ಟಿ ನಡುವೆ ಇಟ್ಟು ಎಳೆದೆ. ಕಾಗದದ ಮೇಲೆ ಕಪ್ಪು ಗೆರೆ ಬೀಳುವುದು ನಿಲ್ಲೋವರೆಗೂ ಎಳೆಯಬೇಕು. ಗ್ಯಾಪ್ 0.38 ಮಿಲಿಮೀಟರ್ ಇಟ್ಟೆ. ಹಗ್ಗ ಎಳೆದರೆ ಪ್ಲಗ್ ತುದಿಯಲ್ಲಿ ನೀಲಿ ಕಿಡಿ! ಎಷ್ಟೋ ವರ್ಷ ಸುಮ್ನೆ ಬಿದ್ದಿದ್ದ ಮೆಷಿನ್‌ನಲ್ಲಿ ಆ ಕಿಡಿ ಕಂಡಾಗ ಆಗುವ ಖುಷಿಗೇ ನಾನು ಈ ಕೆಲಸ ಮಾಡೋದು.

ಈಗ ಮೆಗ್ನೀಸಿಯಂ ವಿಷಯ. ತುಕ್ಕು ಹಿಡಿದ ಕಬ್ಬಿಣವನ್ನು ವಿನೆಗರ್‌ನಲ್ಲಿ ನೆನೆಸುವುದು ಹಳೆ ಉಪಾಯ, ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲನೇ ಎಕ್ಸ್‌ಎಲ್-12ರಲ್ಲಿ ತಿರುಪುಗಳ ಸಮೇತ ಒಂದು ಮುಚ್ಚಳವನ್ನೇ ಅದರಲ್ಲಿ ಮುಳುಗಿಸಿಬಿಟ್ಟೆ. ಸೋಡಾ ಹಾಗೆ ಗುಳ್ಳೆ ಏಳತೊಡಗಿತು. ಗಾಬರಿಯಿಂದ ತೆಗೆದು ನೋಡಿದರೆ ಮೈಯೆಲ್ಲ ಕಪ್ಪಿಟ್ಟು ಸಣ್ಣ ಸಣ್ಣ ಗುಳಿ. ಆಸಿಡ್ ಮೆಗ್ನೀಸಿಯಂ ಅನ್ನು ತಿಂದುಹಾಕುತ್ತದೆ. ಆ ಮುಚ್ಚಳ ಇವತ್ತಿಗೂ ಹಾಗೇ ಇದೆ. ಈಗ ಸೀಮೆಎಣ್ಣೆ, ಬ್ರಷ್, ಹಳೆ ಬಟ್ಟೆ ಇಷ್ಟೇ. ಉಜ್ಜಿದರೆ ಬರುವ ಪುಡಿಯನ್ನು ಒಂದು ಕಡೆ ಗುಡ್ಡೆ ಆಗೋಕೆ ಬಿಡಬೇಡಿ. ಮೆಗ್ನೀಸಿಯಂ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸೋಕಾಗಲ್ಲ, ನೀರು ಬಿದ್ದರೆ ಇನ್ನೂ ಜಾಸ್ತಿ ಉರಿಯುತ್ತದೆ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲ್ಲ. ಹೊಸ ಬಣ್ಣ ಹೊಡೆಯಬೇಡಿ. ಈ ಮೆಷಿನ್‌ನಲ್ಲಿ ಚೈನ್‌ಗೆ ಎಣ್ಣೆ ಬಿಡೋಕೆ ಬಲಗೈ ಹೆಬ್ಬೆರಳಿಗೆ ಸಿಗುವ ಒಂದು ಗುಂಡಿ ಇದೆ. ಕೊಯ್ಯುವಾಗ ಆಗಾಗ ಒತ್ತುತ್ತಾ ಇರಬೇಕು. ನನ್ನದರಲ್ಲಿ ಆ ಗುಂಡಿಯ ಸುತ್ತ ಹೆಬ್ಬೆರಳಿನಷ್ಟೇ ಅಗಲಕ್ಕೆ ಬಣ್ಣ ಸವೆದು ಲೋಹ ಬೆಳ್ಳಗೆ ಕಾಣುತ್ತದೆ. ಯಾರೋ ಒಬ್ಬರು ಸಾವಿರಾರು ಸಲ ಒತ್ತಿದ ಗುರುತು ಅದು. ಅದರ ಮೇಲೆ ಸ್ಪ್ರೇ ಹೊಡೆಯೋಕೆ ನನಗೆ ಮನಸ್ಸು ಬರಲ್ಲ. ಜಿಡ್ಡು ತೆಗೆದು, ತೆಳ್ಳಗೆ ಮೇಣ ಸವರಿ ಬಿಟ್ಟಿದ್ದೇನೆ.

ಕೆಲಸದಲ್ಲಿ ಹೇಗಿದೆ? ಒಂದಡಿ ದಪ್ಪದ ಒಣ ದಿಮ್ಮಿಯನ್ನು ಸಲೀಸಾಗಿ ಕೊಯ್ದಿತು. ಅರ ಹಾಕಿ ಹಲ್ಲು ಚೂಪು ಮಾಡಿದ ಚೈನ್ ಆದ್ದರಿಂದ ನುಣ್ಣನೆ ಹೊಟ್ಟಿನ ಬದಲು ದಪ್ಪ ದಪ್ಪ ಚಕ್ಕೆ ಉದುರಿದವು. ಎಡಕ್ಕೊಂದು ಬಲಕ್ಕೊಂದು ಹಲ್ಲಿರುವ ಈ ಥರದ ಚೈನ್‌ಗೆ ದಾರಿ ತೋರಿಸಿದ್ದು ಒಂದು ಮರಕೊರಕ ಹುಳು. ಅದು ಎಡಕ್ಕೂ ಬಲಕ್ಕೂ ಕಚ್ಚುತ್ತಾ ಮರ ಕೊರೆಯುವುದನ್ನು 1946ರಲ್ಲಿ ಅಮೆರಿಕದ ಮರ ಕಡಿಯುವ ಕೆಲಸಗಾರ ಜೋಸೆಫ್ ಕಾಕ್ಸ್ ನೋಡಿ, ಅದೇ ರೀತಿಯ ಹಲ್ಲು ಮಾಡಿದರು. ಚೈನ್‌ಗೆ ಅರ ಹಾಕುವಾಗಲೆಲ್ಲ ನನಗೆ ಆ ಹುಳು ನೆನಪಾಗುತ್ತದೆ.

ಆದರೆ ದಿನವಿಡೀ ದುಡಿಸೋಕೆ ಇದನ್ನು ತಗೋಬೇಡಿ. ಚೈನ್ ಬ್ರೇಕ್ ಇಲ್ಲ. ಬಾರ್ ತುದಿ ಏನಕ್ಕಾದರೂ ತಗುಲಿ ಮೆಷಿನ್ ಮೇಲಕ್ಕೆ ಹಾರಿದರೆ ಚೈನ್ ನಿಲ್ಲಿಸೋಕೆ ಏನೂ ಇಲ್ಲ. ಹಿಡಿಗೆ ನಡುಕ ತಡೆಯುವ ರಬ್ಬರ್ ಕೂಡ ಇಲ್ಲ. ಹತ್ತು ನಿಮಿಷಕ್ಕೆ ಬೆರಳು ಜುಮ್ ಅನ್ನೋಕೆ ಶುರುವಾಗುತ್ತದೆ. ಸದ್ದೂ ಜೋರು, ಕಿವಿಗೆ ರಕ್ಷಣೆ ಇಲ್ಲದೆ ಮುಟ್ಟಲೇಬೇಡಿ. ನಾನು ಒಂದು ಸಲಕ್ಕೆ ಒಂದು ಟ್ಯಾಂಕ್ ಮಾತ್ರ ಓಡಿಸುತ್ತೇನೆ, ಅದೂ ನೆಲದ ಮೇಲಿನ ದಿಮ್ಮಿಗೆ. ನಿಂತ ಮರಕ್ಕೆ ಹೊಸ ಮೆಷಿನ್ ಇದೆ.

ಪೆಟ್ರೋಲ್‌ಗೆ ಆಯಿಲ್ ಬೆರೆಸಿಯೇ ಹಾಕಬೇಕು. ಹಳೆ ಕೈಪಿಡಿಯಲ್ಲಿ ಸಾದಾ ಆಯಿಲ್‌ಗೆ 16:1 (16 ಪಾಲು ಪೆಟ್ರೋಲ್, 1 ಪಾಲು ಆಯಿಲ್) ಅಂತ ಇದೆ. ಈಗಿನ ಒಳ್ಳೆ ಟೂ ಸ್ಟ್ರೋಕ್ ಆಯಿಲ್ ಹಾಕಿ ನಾನು 32:1 ಬಳಸುತ್ತೇನೆ. ಎಥನಾಲ್ ಬೆರೆಸದ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿ. ಎಥನಾಲ್ ಹಳೆ ರಬ್ಬರ್ ಹಾಳು ಮಾಡುತ್ತದೆ. ಕೆಲಸ ಆದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವವರೆಗೂ ಓಡಿಸಿಡುತ್ತೇನೆ.

ಕೊಳ್ಳುವ ಮುಂಚೆ ಎರಡು ಪರೀಕ್ಷೆ ಮಾಡಿ. ಸ್ಟಾರ್ಟರ್ ಹಗ್ಗದ ಹಿಡಿ ಹಿಡಿದು ಮೆಷಿನ್ ಅನ್ನು ನಿಧಾನವಾಗಿ ನೇತಾಡಿಸಿ. ತಡೆದು ತಡೆದು ಇಳಿದರೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಶಕ್ತಿ) ಇದೆ ಅಂತ ಅರ್ಥ. ಜರ್ರನೆ ಇಳಿದರೆ ರಿಂಗ್ ಅಥವಾ ಪಿಸ್ಟನ್ ಹೋಗಿರಬಹುದು. ಆಮೇಲೆ ಸೈಲೆನ್ಸರ್ ಬಿಚ್ಚಿ, ಟಾರ್ಚ್ ಬಿಟ್ಟು ಪಿಸ್ಟನ್ ಮೈ ನೋಡಿ. ನಯವಾಗಿದ್ದರೆ ಉಳಿದದ್ದೆಲ್ಲ ಸರಿಮಾಡಬಹುದು. ಉದ್ದುದ್ದ ಗೀರು ಬಿದ್ದಿದ್ದರೆ ಬಿಡಿಭಾಗಕ್ಕೆ ಅಂತ ಮಾತ್ರ ತಗೊಳ್ಳಿ. ಸೂಪರ್ ಎಕ್ಸ್‌ಎಲ್ ಅನ್ನುವ 58 ಸಿಸಿ ಅಣ್ಣ ಒಂದಿದೆ, ಅದರ ಎಷ್ಟೋ ಭಾಗ ಇದಕ್ಕೂ ಕೂರುತ್ತದೆ. ಹಾಗಾಗಿ ಅದು ಕಂಡರೂ ಬಿಡಬೇಡಿ. ತಂದ ಮೇಲೆ ಕೆಳಗೊಂದು ತಟ್ಟೆ ಇಟ್ಟು ನಿಲ್ಲಿಸಿ, ನನ್ನ ಮೂರೂ ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪ ಚೈನ್ ಆಯಿಲ್ ತೊಟ್ಟಿಕ್ಕಿಸುತ್ತವೆ.