ಚೇತಕ್, ಎಲ್‌ಎಂಎಲ್ ಸೈಲೆನ್ಸರ್‌ನ ಕಾರ್ಬನ್‌ಗೆ ಕಾಸ್ಟಿಕ್ ಸೋಡಾ: ಎಷ್ಟು ಕೆಲಸ ಮಾಡುತ್ತೆ, ಎಲ್ಲಿ ಕೈಕೊಡುತ್ತೆ

ಬಜಾಜ್ ಚೇತಕ್, ಬಜಾಜ್ ಸೂಪರ್, ಎಲ್‌ಎಂಎಲ್ ವೆಸ್ಪಾ ತರಹದ ಹಳೆಯ ಟೂ-ಸ್ಟ್ರೋಕ್ ಸ್ಕೂಟರ್‌ಗಳ ಸೈಲೆನ್ಸರ್ ಸುತ್ತಲೂ ವೆಲ್ಡ್ ಮಾಡಿದ ತಗಡಿನ ಪೆಟ್ಟಿಗೆ. ಒಳಗಿನ ತಡೆಗೋಡೆಗಳನ್ನು ಹೊರಗೆ ಎಳೆದು ಉಜ್ಜುವ ಹಾಗಿಲ್ಲ. ಹಾಗಾಗಿ ಕಾರ್ಬನ್ ಕಟ್ಟಿದರೆ ಉಳಿಯುವ ದಾರಿ ಮೂರು: ಗ್ಯಾಸ್ ಟಾರ್ಚ್‌ನಲ್ಲಿ ಸುಡಿಸುವುದು, ಹೊಸ ಸೈಲೆನ್ಸರ್ ಹಾಕುವುದು, ಕಾಸ್ಟಿಕ್ ಸೋಡಾ ತುಂಬಿ ನೆನೆಸುವುದು. ತಗಡು ಇನ್ನೂ ಗಟ್ಟಿಯಿರುವ ಕಂಪನಿ ಸೈಲೆನ್ಸರ್‌ಗೆ ಮೂರರಲ್ಲಿ ಕಾಸ್ಟಿಕ್ಕೇ ಒಳ್ಳೆಯದು. ಆದರೆ ಅದು ಅಡುಗೆಮನೆ ಪಕ್ಕದಲ್ಲಿಟ್ಟು ಮಾಡುವ ಕೆಲಸವಲ್ಲ, ಎಲ್ಲ ಕಾರ್ಬನ್ನನ್ನೂ ಅದು ತೆಗೆಯುವುದೂ ಇಲ್ಲ.

ಮೊದಲು, ಕಟ್ಟಿರುವುದು ಸೈಲೆನ್ಸರೇ ಹೌದಾ ಅಂತ ನೋಡಿ. ಗಾಡಿ ಸುಲಭವಾಗಿ ಸ್ಟಾರ್ಟ್ ಆಗುತ್ತೆ, ಐಡಲ್‌ನಲ್ಲಿ ನಿಲ್ಲುತ್ತೆ, ಆದರೆ ಆಕ್ಸಿಲರೇಟರ್ ತಿರುಗಿಸಿದಷ್ಟೂ ಎಂಜಿನ್ ಏರುವುದಿಲ್ಲ. ಏರಿನಲ್ಲಿ ಮೂರನೇ ಗೇರ್ ಎಳೆಯುವುದಿಲ್ಲ. ಪ್ಲಗ್ ಮತ್ತೆ ಮತ್ತೆ ಕಪ್ಪಾಗುತ್ತೆ. ಇದು ಬಹುಪಾಲು ಸೈಲೆನ್ಸರ್ ಕಟ್ಟಿದ ಲಕ್ಷಣ. ಟೂ-ಸ್ಟ್ರೋಕ್‌ನಲ್ಲಿ ಸುಟ್ಟ ಗ್ಯಾಸ್ ಹೊರಗೆ ಹೋಗುವುದೂ ಹೊಸ ಮಿಶ್ರಣ ಒಳಗೆ ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹೋಗುವ ದಾರಿ ಇಕ್ಕಟ್ಟಾದರೆ ಹಳೆಯ ಹೊಗೆ ಬೋರ್‌ನಲ್ಲೇ, ಅಂದರೆ ಸಿಲಿಂಡರ್ ಒಳಗೇ ಉಳಿದು ಹೊಸ ಮಿಶ್ರಣಕ್ಕೆ ಜಾಗ ಸಿಗದು. ಕಾರ್ಬುರೇಟರ್ ಎಷ್ಟು ತೊಳೆದರೂ ಇದು ಸರಿಹೋಗುವುದಿಲ್ಲ. ಜನ ದುಡ್ಡು ಕಳೆದುಕೊಳ್ಳುವುದು ಅಲ್ಲೇ. ಖಚಿತ ಮಾಡಿಕೊಳ್ಳಲು ಕ್ಲಾಂಪ್ ಸಡಿಲಿಸಿ ಸೈಲೆನ್ಸರ್ ಇಳಿಸಿ, ಕೆಲವೇ ಸೆಕೆಂಡ್ ಎಂಜಿನ್ ಓಡಿಸಿ. ಸದ್ದು ಕಿವಿಗಡಚಿಕ್ಕುತ್ತೆ, ಆದರೆ ಎಂಜಿನ್ ಸರಾಗವಾಗಿ ಏರಿದರೆ ದೋಷ ಸೈಲೆನ್ಸರ್‌ನಲ್ಲಿದೆ. ಆ ಸ್ಥಿತಿಯಲ್ಲಿ ಗಾಡಿ ಓಡಿಸಬೇಡಿ.

ಇಳಿಸಿದ ಮೇಲೆ ಎಕ್ಸಾಸ್ಟ್ ಪೋರ್ಟ್ (ಸಿಲಿಂಡರ್‌ನಿಂದ ಹೊಗೆ ಹೊರಬರುವ ಕಿಂಡಿ) ಒಳಗೂ ಟಾರ್ಚ್ ಲೈಟ್ ಬಿಟ್ಟು ನೋಡಿ. ಅಲ್ಲಿ ಕಾರ್ಬನ್ ದಪ್ಪಗೆ ಕೂತಿದ್ದರೆ, ಪಿಸ್ಟನ್ ಮೇಲಕ್ಕೆ ತಂದು ಅದರ ಪಕ್ಕೆ ಪೋರ್ಟ್ ಮುಚ್ಚುವಂತೆ ನಿಲ್ಲಿಸಿ, ಗಟ್ಟಿ ಮರದ ಚಕ್ಕೆಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಬೇಡ, ಪಿಸ್ಟನ್ ಮೇಲೆ ಗೀರು ಬಿದ್ದರೆ ಬೋರ್ ಕೆಡುತ್ತೆ. ಉದುರಿದ್ದನ್ನೆಲ್ಲ ಗಾಳಿ ಹೊಡೆದು ತೆಗೆದ ಮೇಲೆಯೇ ಕಿಕ್ಕರ್ ಒತ್ತಿ.

ಈಗ ಕಾಸ್ಟಿಕ್, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಸಾಬೂನು, ಫಿನಾಯಿಲ್ ಮಾಡುವ ಸಾಮಾನು ಮಾರುವ ಅಂಗಡಿಗಳಲ್ಲಿ ಬಿಳಿ ಫ್ಲೇಕ್ಸ್ ರೂಪದಲ್ಲಿ ಸಿಗುತ್ತೆ. ಒಣಗಿದ, ಬಿಡಿಬಿಡಿಯಾದ ಫ್ಲೇಕ್ಸ್ ತೆಗೆದುಕೊಳ್ಳಿ; ಗಾಳಿ ತಾಗಿ ನೀರೊಡೆದು ಗಂಟು ಕಟ್ಟಿದ್ದರೆ ಅದರ ಶಕ್ತಿ ಇಳಿದಿರುತ್ತೆ. ವಾಷಿಂಗ್ ಸೋಡಾ, ಅಡುಗೆ ಸೋಡಾ ಈ ಕೆಲಸಕ್ಕೆ ಬಾರವು. ಸಿಂಕ್ ಪೈಪ್ ಬಿಡಿಸುವ ಸಣ್ಣ ಪ್ಯಾಕೆಟ್‌ಗಳಲ್ಲಿ ಬೇರೆ ವಸ್ತು ಬೆರೆತಿರಬಹುದು, ಲೇಬಲ್‌ನಲ್ಲಿ ಬರೀ ಸೋಡಿಯಂ ಹೈಡ್ರಾಕ್ಸೈಡ್ ಅಂತ ಇದ್ದರೆ ಮಾತ್ರ ಬಳಸಿ.

ಒಂದು ಲೀಟರ್ ತಣ್ಣೀರಿಗೆ 150ರಿಂದ 200 ಗ್ರಾಂ ಸಾಕು. ಪೆಟ್ಟಿಗೆ ಎಷ್ಟು ಹಿಡಿಯುತ್ತೆ ಅಂತ ಮೊದಲೇ ಬರೀ ನೀರು ತುಂಬಿ ಅಳೆದುಕೊಳ್ಳಿ. ಗಟ್ಟಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರು ಹಾಕಿ, ಅದಕ್ಕೆ ಫ್ಲೇಕ್ಸನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತ ಮರದ ಕೋಲಿನಿಂದ ಕಲಕಿ. ಫ್ಲೇಕ್ಸ್ ಮೇಲೆ ನೀರು ಸುರಿಯಲೇಬಾರದು, ಬಿಸಿನೀರೂ ಬೇಡ: ಕರಗುವಾಗಲೇ ಅದು ಕೈ ಇಡಲಾಗದಷ್ಟು ಕಾಯುತ್ತೆ, ಸಿಡಿಯುತ್ತೆ. ಕಣ್ಣಿಗೆ ರಕ್ಷಣೆಯ ಕನ್ನಡಕ (ಗಾಗಲ್ಸ್), ಮೊಣಕೈವರೆಗಿನ ರಬ್ಬರ್ ಗ್ಲೌಸ್, ಕಾಲಿಗೆ ಬೂಟು, ಕೆಲಸ ಬಯಲಲ್ಲಿ, ಪಕ್ಕದಲ್ಲೇ ನಲ್ಲಿ. ಮೈಗೆ ಸಿಡಿದರೆ ಕನಿಷ್ಠ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ನೀರು ಬಿಡುತ್ತಲೇ ಆಸ್ಪತ್ರೆಗೆ ಹೊರಡುವ ಏರ್ಪಾಡು ಮಾಡಿ. ಮಕ್ಕಳು, ನಾಯಿ, ಬೆಕ್ಕು ಆ ಕಡೆ ಸುಳಿಯಬಾರದು.

ಅಲ್ಯೂಮಿನಿಯಂ ಪಾತ್ರೆ, ಅಲ್ಯೂಮಿನಿಯಂ ಬಿಡಿಭಾಗ ಯಾವುದಕ್ಕೂ ಇದು ತಾಗಬಾರದು. ಕಾಸ್ಟಿಕ್ ಅಲ್ಯೂಮಿನಿಯಂ ತಿಂದು ಹೈಡ್ರೋಜನ್ ಬಿಡುತ್ತೆ, ಅದು ಬೆಂಕಿ ಹಿಡಿಯುವ ಗ್ಯಾಸ್. ಸಿಲಿಂಡರ್ ಹೆಡ್, ಪಿಸ್ಟನ್ ಎರಡೂ ಅಲ್ಯೂಮಿನಿಯಂ. ಅವನ್ನು ಸೀಮೆಎಣ್ಣೆ ಮತ್ತು ಹಿತ್ತಾಳೆ ಬ್ರಷ್‌ನಿಂದಲೇ ತಿಕ್ಕಿ. ಸೈಲೆನ್ಸರ್ ಉಕ್ಕಿನ ತಗಡು, ಅದಕ್ಕೆ ತೊಂದರೆಯಿಲ್ಲ. ಆದರೂ ದ್ರಾವಣ ಹಾಕಿದ ಕೂಡಲೇ ಜೋರಾಗಿ ನೊರೆ ಬಂದರೆ ತಗಡಿಗೆ ಸತುವಿನದೋ ಅಲ್ಯೂಮಿನಿಯಂನದೋ ಲೇಪ ಇದೆ ಅಂತ ಅರ್ಥ, ಚೆಲ್ಲಿಬಿಡಿ.

ನೆನೆಸುವ ಮೊದಲು ಸೈಲೆನ್ಸರನ್ನು ತಕ್ಕಡಿಗೆ ಹಾಕಿ ತೂಕ ಬರೆದಿಡಿ, ಕಡೆಯಲ್ಲಿ ಲೆಕ್ಕ ಸಿಗುತ್ತೆ. ಬಾಗಿದ ಪೈಪ್‌ನ ಒಣ ಕಾರ್ಬನ್ನನ್ನು ಮುಂಚೆಯೇ ತೆಗೆಯಬೇಕು: ಹಳೆಯ ಬ್ರೇಕ್ ಕೇಬಲ್‌ನ ಒಳತಂತಿಯ ತುದಿ ಬಿಡಿಸಿ ಪೊರಕೆಯ ಹಾಗೆ ಅರಳಿಸಿ, ಇನ್ನೊಂದು ತುದಿ ಡ್ರಿಲ್ ಮಷೀನ್‌ಗೆ ಸಿಕ್ಕಿಸಿ ನಿಧಾನ ವೇಗದಲ್ಲಿ ತಿರುಗಿಸಿ. ತಂತಿ ಪೈಪ್ ಒಳಗೆ ಹೋದ ಮೇಲೆಯೇ ಸ್ವಿಚ್ ಒತ್ತಿ, ಹೊರಗಿದ್ದರೆ ಮುಖಕ್ಕೆ ಬಡಿಯುತ್ತೆ.

ಆಮೇಲೆ ಹೊಗೆ ಹೊರಬರುವ ಬಾಯಿಗೆ ಮರದ ಅಥವಾ ರಬ್ಬರ್ ಬಿರಡೆ ಬಿಗಿಯಾಗಿ ಬಡಿದು, ಎಂಜಿನ್ ಕಡೆಯ ಬಾಯಿ ಮೇಲಕ್ಕಿರುವಂತೆ ನಿಲ್ಲಿಸಿ, ದ್ರಾವಣ ತಣ್ಣಗಾದ ಮೇಲೆ ತುಂಬಿ. ಮೇಲಿನ ಬಾಯಿ ಮುಚ್ಚಬೇಡಿ. ಬಿಸಿಲಿನಲ್ಲಿಟ್ಟರೆ ಕೆಲಸ ಬೇಗ. 24 ಗಂಟೆಯಲ್ಲಿ ನಡುವೆ ಎರಡು ಮೂರು ಸಲ ಓರೆ ಮಾಡಿ, ಗೋಡೆಗಳ ಹಿಂದೆ ನಿಂತ ಗಾಳಿ ಹೊರಬರಲಿ. ಇಲ್ಲದಿದ್ದರೆ ಗಾಳಿ ನಿಂತ ಕೋಣೆಗೆ ದ್ರಾವಣ ತಾಗುವುದೇ ಇಲ್ಲ, "ಕಾಸ್ಟಿಕ್ ಕೆಲಸ ಮಾಡಲಿಲ್ಲ" ಎನ್ನುವವರಲ್ಲಿ ತುಂಬ ಮಂದಿ ಮಾಡುವ ತಪ್ಪು ಇದೇ.

ಕಾಸ್ಟಿಕ್ ಕಾರ್ಬನ್ನನ್ನು ಕರಗಿಸುವುದಿಲ್ಲ. ಕಾರ್ಬನ್ ಪುಡಿಯನ್ನು ತಗಡಿಗೆ ಅಂಟಿಸಿಟ್ಟ ಎಣ್ಣೆಯ ಜಿಡ್ಡನ್ನು ಸಡಿಲಿಸುತ್ತೆ, ಅಷ್ಟೇ. ಅದಕ್ಕೇ ಒದ್ದೆ, ಜಿಡ್ಡುಜಿಡ್ಡಾದ ಕಾರ್ಬನ್‌ಗೆ ಇದು ಅದ್ಭುತ. ಸುಟ್ಟು ಕಲ್ಲಾದ ಪದರಕ್ಕೆ ಸಾಧಾರಣ. ಚೆಲ್ಲಿದಾಗ ಕಾಫಿ ಡಿಕಾಕ್ಷನ್‌ಗಿಂತ ಕಪ್ಪಗೆ ಬಂದರೆ ಎರಡನೇ ಸಲ ಹೊಸ ದ್ರಾವಣ ಹಾಕಬೇಕು. ಕೊನೆಯಲ್ಲಿ ನೀರು ತುಂಬಿ, ಒಂದು ಹಿಡಿ ಕಬ್ಬಿಣದ ನಟ್ ಎಣಿಸಿ ಹಾಕಿ ಚೆನ್ನಾಗಿ ಅಲ್ಲಾಡಿಸಿ, ಎಣಿಸಿ ವಾಪಸ್ ತೆಗೆಯಿರಿ; ಒಳಗೆ ಉಳಿದರೆ ಗಲಗಲ ಅನ್ನುತ್ತ ಇರುತ್ತೆ. ನೀರು ಜಾರುಜಾರು ಅನ್ನಿಸುವುದು ನಿಲ್ಲುವವರೆಗೆ ತೊಳೆದು, ಕಡೆಗೆ ವಿನಿಗರ್ ಬೆರೆಸಿದ ನೀರಿನಲ್ಲಿ ಒಮ್ಮೆ ಜಾಲಾಡಿಸಿ. ಕಪ್ಪು ದ್ರಾವಣವನ್ನು ಗಿಡದ ಬುಡಕ್ಕೆ, ಕೆರೆ ಕಾಲುವೆಗೆ ಬಿಡಬೇಡಿ.

ತೊಳೆದ ದಿನವೇ ಬಿಸಿಲಲ್ಲಿ ಪೂರ್ತಿ ಒಣಗಿಸಿ, ತೂಕ ನೋಡಿ, ಒಳಗೆ ಸ್ವಲ್ಪ ಟೂ-ಟಿ ಆಯಿಲ್ (ಪೆಟ್ರೋಲ್‌ಗೆ ಬೆರೆಸುವ ಟೂ-ಸ್ಟ್ರೋಕ್ ಆಯಿಲ್) ಸುರಿದು ಸುತ್ತಾಡಿಸಿ. ಬಿಟ್ಟರೆ ಬರೀ ತಗಡಿಗೆ ಬೇಗನೆ ತುಕ್ಕು ಹತ್ತುತ್ತೆ. ಹೊರಗಿನ ಬಣ್ಣಕ್ಕೆ ಕಾಸ್ಟಿಕ್ ತಾಗಿದ ಕಡೆ ಕಿತ್ತುಬರುತ್ತೆ, ಸೈಲೆನ್ಸರ್‌ಗೆಂದೇ ಸಿಗುವ ಶಾಖ ತಡೆಯುವ ಕಪ್ಪು ಬಣ್ಣ ಹೊಡೆಯಬೇಕಾದೀತು. ಇದೊಂದು ಖರ್ಚು ಲೆಕ್ಕಕ್ಕೆ ಹಿಡಿಯಿರಿ.

ಗ್ಯಾರೇಜ್‌ನಲ್ಲಿ ಟಾರ್ಚ್ ಹಿಡಿದು ಸುಡಿಸುವುದು ಬೇಗ ಮುಗಿಯುವ ಕೆಲಸ, ಕಲ್ಲಾದ ಕಾರ್ಬನ್‌ಗೆ ನಿಜವಾಗಿ ಪರಿಣಾಮಕಾರಿ. ಆದರೆ ತಗಡು ಕೆಂಪಗೆ ಕಾದಾಗ ವೆಲ್ಡ್ ಬಿಡುತ್ತೆ, ಒಳಗಿನ ಗೋಡೆ ಸೊಟ್ಟಗಾಗುತ್ತೆ, ಬಣ್ಣ ಪೂರ್ತಿ ಹೋಗಿ ಮುಂದಿನ ಮಳೆಗಾಲಕ್ಕೆ ತೂತು ಬೀಳುತ್ತೆ. ಕಾಸ್ಟಿಕ್‌ಗೆ ಎರಡು ಸಲವೂ ಜಗ್ಗದಿದ್ದರೆ ಮಾತ್ರ ಇದಕ್ಕೆ ಹೋಗಿ. ಕಾಸ್ಟಿಕ್ ಹಾಕಿದ್ದರೆ ತೊಳೆದು ಒಣಗಿಸಿದ ಮೇಲೆಯೇ.

ಹೊಸದು ಕೊಳ್ಳುವುದಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಪಕ್ಕಪಕ್ಕ ಹಿಡಿದು ತೂಗಿ ನೋಡಿ: ತೀರಾ ಹಗುರವಿದ್ದರೆ ತಗಡು ತೆಳು, ಒಳಗೋಡೆ ಕಡಿಮೆ, ಸದ್ದು ಜಾಸ್ತಿ. ಕ್ಲಾಂಪ್ ಕೂರುವ ಬಾಯಿಯ ಅಳತೆ ಮತ್ತು ಬೋಲ್ಟ್ ತೂತಿನ ಜಾಗ ಹಳೆಯದಕ್ಕೆ ಹೊಂದಬೇಕು. ಎಳೆದು ಕೂರಿಸಿದ ಸೈಲೆನ್ಸರ್ ಬ್ರಾಕೆಟ್ ಬಳಿ ಬಿರುಕು ಬಿಡುತ್ತೆ.

ಇಷ್ಟೆಲ್ಲ ಮಾಡಿ ಪೆಟ್ರೋಲ್‌ಗೆ ಬೆರೆಸುವ ಆಯಿಲ್ ಅಳತೆ ಸರಿ ಮಾಡದಿದ್ದರೆ ಮತ್ತೆ ಅದೇ ಪಾಡು. ಎರಡು ಪರ್ಸೆಂಟ್ ಅಂದರೆ ಲೀಟರ್‌ಗೆ 20 ಎಂಎಲ್, ನಾಲ್ಕು ಲೀಟರ್‌ಗೆ 80. "ಎಂಜಿನ್‌ಗೆ ಒಳ್ಳೆಯದು" ಅಂತ ಅಂದಾಜಿನಲ್ಲಿ ಸುರಿಯುವುದೇ ಕಾರ್ಬನ್‌ನ ಮೂಲ. ಡಬ್ಬದ ಮೇಲೆ ಜಾಸೋ (ಟೂ-ಸ್ಟ್ರೋಕ್ ಆಯಿಲ್‌ಗೆ ಜಪಾನಿನ ಗುಣಮಟ್ಟದ ಮಾನಕ) ಎಫ್‌ಸಿ ಅಥವಾ ಎಫ್‌ಡಿ ದರ್ಜೆ ಅಂತ ನೋಡಿ ಕೊಳ್ಳಿ. ಸೈಲೆನ್ಸರ್ ಕಟ್ಟುವಿಕೆಗೇ ಆ ಮಾನಕದಲ್ಲಿ ಪ್ರತ್ಯೇಕ ಪರೀಕ್ಷೆ ಇದೆ: ಕೆಳದರ್ಜೆಯ ಎಫ್‌ಬಿಗೆ ಕನಿಷ್ಠ 45 ಅಂಕ ಸಾಕು, ಎಫ್‌ಸಿ, ಎಫ್‌ಡಿಗೆ 90 ಬೇಕು. ಆಯಿಲ್ ಸರಿಯಿದ್ದೂ ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದರೆ ಗೇರ್ ಆಯಿಲ್ ಮಟ್ಟ ನೋಡಿ. ಅದು ಇಳಿಯುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ, ಎಂಜಿನ್ ಗೇರ್ ಆಯಿಲ್ ಕುಡಿದು ಸುಡುತ್ತಿದೆ. ಸೀಲ್ ಹಾಕಿಸದೆ ಸೈಲೆನ್ಸರ್ ತೊಳೆಯುವುದು ವ್ಯರ್ಥ.

ವಾಪಸ್ ಕೂರಿಸುವಾಗ ಮೊದಲು ಎಲ್ಲ ಬೋಲ್ಟ್ ಕೈಬಿಗಿ ಮಾಡಿ, ಕ್ಲಾಂಪ್ ನೇರ ಕೂತಿದೆಯಾ ನೋಡಿ, ಆಮೇಲೆ ಸ್ಪ್ಯಾನರ್ ಹಾಕಿ. ಮೊದಲ ಹತ್ತಿಪ್ಪತ್ತು ನಿಮಿಷ ಹೊಗೆ ಜಾಸ್ತಿ ಬರುತ್ತೆ, ಒಳಗೆ ಸುರಿದ ಆಯಿಲ್ ಅದು. ಒಂದು ಸುತ್ತು ಓಡಿಸಿ ತಣ್ಣಗಾದ ಮೇಲೆ ಕ್ಲಾಂಪ್ ಮತ್ತೊಮ್ಮೆ ಬಿಗಿಮಾಡಿ. ಕಟ್ಟಿದ ಸೈಲೆನ್ಸರ್‌ಗೆ ಹೊಂದಿಸಲು ಯಾರಾದರೂ ಕಾರ್ಬುರೇಟರ್ ಸ್ಕ್ರೂ ತಿರುಗಿಸಿದ್ದರೆ ಈಗ ಅದು ತಪ್ಪಾಗಿರುತ್ತೆ: ನೂರು ಕಿಲೋಮೀಟರ್ ಆದ ಮೇಲೆ ಪ್ಲಗ್ ಬಿಚ್ಚಿ ನೋಡಿ, ಕಂದು ಬಣ್ಣ ಇದ್ದರೆ ಸರಿ, ಬಿಳಿಚಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ. ಪಿಸ್ಟನ್ ಸೀಜ್ ಆಗುವ ಮೊದಲೇ ಮತ್ತೆ ಸೆಟ್ ಮಾಡಿಸಿ.