ಓರ್ಕ್‌ಗಳಿಗೆ ಬುದ್ಧಿ ಬೇಕಿಲ್ಲ: ಒಬ್ಬರೇ ಆಡುವ ಕಿರುಕಾಳಗಕ್ಕೆ ನಾಲ್ಕು ನಿಯಮಾವಳಿಗಳು

ಮಿನಿಯೇಚರ್ ಗೊಂಬೆಗಳ ಯುದ್ಧದಾಟವನ್ನು ಒಬ್ಬರೇ ಆಡಲು ಹೊರಟವರಿಗೆ ಮೊದಲು ಎದುರಾಗುವ ತೊಡಕು, ಎದುರಾಳಿಯ ಪರವಾಗಿ ಯೋಚಿಸುವವರು ಯಾರು ಎಂಬುದು. ಚದುರಂಗವಾದರೆ ಮೊಬೈಲ್ ಯೋಚಿಸುತ್ತದೆ. 28 ಮಿಲಿಮೀಟರ್ ಅಳತೆಯ ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿಕೊಂಡವರಿಗೆ ಆ ಅನುಕೂಲವಿಲ್ಲ. ನಿಯಮಪುಸ್ತಕವೇ ಓರ್ಕ್‌ಗಳ, ಅಂದರೆ ಎದುರು ನಿಂತ ಕಲ್ಪನಾಲೋಕದ ರಕ್ಕಸ ಗೊಂಬೆಗಳ, ತಲೆಯ ಕೆಲಸ ಮಾಡಬೇಕು. ಈ ತಲೆ ಎಷ್ಟು ಚುರುಕಾಗಿದ್ದರೆ ಆಟ ಅಷ್ಟು ಚೆನ್ನ ಎಂದೇ ಬಹುತೇಕರು ನಂಬಿದ್ದಾರೆ. ನಾಲ್ಕು ನಿಯಮಾವಳಿಗಳನ್ನು ಒಂದೇ ಕಾಳಗಕ್ಕೆ ಹೂಡಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆಯೇ: ಓರ್ಕ್ ಏನು ಮಾಡುತ್ತದೆ ಎನ್ನುವುದಕ್ಕಿಂತ ಯಾವಾಗ ಮಾಡುತ್ತದೆ ಎನ್ನುವುದೇ ಮುಖ್ಯ.

ಹೋಲಿಕೆ ನ್ಯಾಯವಾಗಿರಲೆಂದು ರಣರಂಗವನ್ನು ಬದಲಿಸಲಿಲ್ಲ. ಮೂರಡಿ ಚೌಕದ ಬಟ್ಟೆ, ನಡುವೆ ಸುಟ್ಟುಹೋದ ಹಿಟ್ಟಿನ ಗಿರಣಿ, ಪಕ್ಕದಲ್ಲಿ ಒಂದೇ ಸೇತುವೆಯಿರುವ ತೊರೆ, ಎರಡು ಮೂಲೆಗಳಲ್ಲಿ ಕಾಡು, ಅಲ್ಲಲ್ಲಿ ಮೂರು ನಿಧಿಗಳು. ನನ್ನ ಕಡೆ ನಾಲ್ವರು: ಕತ್ತಿ ಹಿಡಿದ ನಾಯಕಿ, ಒಬ್ಬ ಬಿಲ್ಲುಗಾರ, ಕೊಡಲಿಯ ಕುಳ್ಳ, ಅರೆಬರೆ ಕಲಿತ ಮಂತ್ರವಾದಿ. ಎದುರಿಗೆ ಹನ್ನೆರಡು ಓರ್ಕ್‌ಗಳು; ಅವುಗಳಲ್ಲಿ ಮೂರಕ್ಕೆ ಬಿಲ್ಲು, ಒಂದು ಮುಖಂಡ. ನಿಧಿಗಳನ್ನು ಎತ್ತಿಕೊಂಡು, ಬಂದ ಅಂಚಿನಿಂದಲೇ ಹೊರಬಿದ್ದರೆ ಗೆಲುವು. ಗೊಂಬೆಗಳೆಲ್ಲ ತ್ರೀಡಿ ಮುದ್ರಣದವು. ಲೋಹದವನ್ನು ಬ್ರಿಟನ್ನಿನಿಂದ ತರಿಸಿದರೆ ಅಂಚೆವೆಚ್ಚ, ಸುಂಕ ಸೇರಿ ಹನ್ನೆರಡು ಓರ್ಕ್‌ಗಳ ಬೆಲೆಗೆ ಒಂದು ಒಳ್ಳೆಯ ಮೇಜೇ ಬಂದೀತು.

ಮೊದಲನೆಯದು ವನ್ ಪೇಜ್ ರೂಲ್ಸ್ ಸಂಸ್ಥೆಯ ‘ಏಜ್ ಆಫ್ ಫ್ಯಾಂಟಸಿ: ಸ್ಕರ್ಮಿಶ್’. ಮೂಲ ನಿಯಮಗಳು ಉಚಿತ, ಕಲಿಯಲು ಅರ್ಧ ಗಂಟೆ ಸಾಕು, ಆರು ಮುಖದ ದಾಳ ಬಿಟ್ಟರೆ ಬೇರೇನೂ ಬೇಡ. ಎರಡು ಕಡೆಯವರೂ ಒಂದೊಂದೇ ಗೊಂಬೆಯನ್ನು ಸರದಿಯಂತೆ ನಡೆಸುತ್ತಾರೆ, ನಾಲ್ಕು ಸುತ್ತಿಗೆ ಆಟ ಮುಗಿಯುತ್ತದೆ. ಒಬ್ಬರೇ ಆಡುವವರಿಗಾಗಿ ಪ್ರತ್ಯೇಕ ನಿಯಮಗಳಿವೆ. ಈ ಗೊಂಬೆ ಕೈಗೆ ಕೈ ಕಾದುವಂಥದ್ದೋ ದೂರದಿಂದ ಹೊಡೆಯುವಂಥದ್ದೋ, ಇನ್ನೂ ವಶವಾಗದ ಗುರಿಸ್ಥಾನ ಇದೆಯೋ, ದಾರಿಯಲ್ಲಿ ಶತ್ರು ಇದ್ದಾನೋ ಎಂದು ಒಂದೊಂದೇ ಪ್ರಶ್ನೆ ಕೇಳಿಕೊಂಡು ಅದರ ನಡೆಯನ್ನು ನಿರ್ಧರಿಸಬೇಕು. ಏರ್ಪಾಡು ಜಾಣತನದ್ದೇ. ತೊಂದರೆ ಇರುವುದೂ ಅಲ್ಲಿಯೇ. ನನ್ನ ಓರ್ಕ್‌ಗಳು ಎದುರಿಗಿದ್ದ ಕುಳ್ಳನ ತಲೆ ಒಡೆಯುವುದನ್ನು ಬಿಟ್ಟು, ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬಂದ ಗುಮಾಸ್ತರಂತೆ ನಿಧಿಗಳ ಪಕ್ಕದಲ್ಲಿ ಹೋಗಿ ನಿಂತವು. ಹನ್ನೆರಡು ಗೊಂಬೆಗಳಿಗೂ ಆ ಪ್ರಶ್ನಾವಳಿಯನ್ನು ಸುತ್ತುಸುತ್ತಿಗೂ ಓದುವಷ್ಟರಲ್ಲಿ ರಣೋತ್ಸಾಹ ಇಳಿದಿರುತ್ತದೆ. ಗೆಳೆಯರೊಬ್ಬರು ಎದುರಿಗೆ ಕುಳಿತರೆ ಇದೇ ಆಟ ಚಕಚಕನೆ ಸಾಗುತ್ತದೆ. ಆ ಮಾತು ಬೇರೆ.

‘ರೇಂಜರ್ಸ್ ಆಫ್ ಶ್ಯಾಡೋ ಡೀಪ್’ ಹುಟ್ಟಿದ್ದೇ ಒಬ್ಬರಿಗಾಗಿ, ಹೆಚ್ಚೆಂದರೆ ಒಟ್ಟಾಗಿ ಒಂದೇ ಪಕ್ಷದಲ್ಲಿ ಆಡುವ ನಾಲ್ಕು ಜನರಿಗಾಗಿ. ‘ಫ್ರಾಸ್ಟ್‌ಗ್ರೇವ್’ ಎಂಬ ಯುದ್ಧದಾಟ ರಚಿಸಿದ ಜೋಸೆಫ್ ಮೆಕಲೋ ಅವರು ಇದನ್ನು 2018ರಲ್ಲಿ ಹೊರತಂದರು. ಇದರಲ್ಲಿ ಮುಖ್ಯ ವೈರಿಗಳು ಕತ್ತೆಕಿರುಬನ ಮೋರೆಯ ನೋಲ್‌ಗಳು. ಅವುಗಳ ಅಂಕಿಗಳನ್ನೇ ನನ್ನ ಓರ್ಕ್‌ಗಳಿಗೆ ಹೊದಿಸಿದೆ, ಯಾವ ಅಡ್ಡಿಯೂ ಆಗಲಿಲ್ಲ. ಇಲ್ಲಿ ವೈರಿಗಳ ಬುದ್ಧಿ ನಾಲ್ಕು ಸಾಲಿನದು: ಕೈಗೆ ಸಿಕ್ಕವರೊಡನೆ ಕಾದು; ಬಿಲ್ಲಿದ್ದು ಗುರಿ ಕಂಡರೆ ಹೊಡೆ; ಯಾರಾದರೂ ಕಂಡರೆ ಅತ್ತ ನುಗ್ಗು; ಯಾರೂ ಕಾಣದಿದ್ದರೆ ಪ್ರಸಂಗದಲ್ಲಿ ಹೇಳಿದ ಕಡೆಗೆ ನಡೆ. ಓರ್ಕ್‌ಗೆ ಇದಕ್ಕಿಂತ ಹೆಚ್ಚು ತಿಳಿವಳಿಕೆ ಯಾಕೆ? ಗಿರಣಿಯ ಗೋಡೆಯ ಮರೆಯಿಂದ ಅವು ನೇರವಾಗಿ ನನ್ನ ಮೇಲೆ ಬಿದ್ದಾಗ, ಇವು ಓರ್ಕ್‌ಗಳೇ ಸರಿ ಎನಿಸಿತು.

ಕಾಳಗವೂ ಸರಳ. ಇಬ್ಬರೂ ಇಪ್ಪತ್ತು ಮುಖದ ದಾಳ ಉರುಳಿಸಿ ತಮ್ಮ ಹೋರಾಟದ ಅಂಕಿ ಕೂಡಿಸುತ್ತಾರೆ. ಗೆದ್ದವನ ಮೊತ್ತದಿಂದ ಸೋತವನ ಕವಚದ ಅಂಕಿಯನ್ನು ಕಳೆದರೆ ಉಳಿದದ್ದು ಗಾಯ. ದಾಳದಲ್ಲಿ 18 ಬಿದ್ದು, ಹೋರಾಟ 2 ಇದ್ದು, ಎದುರಾಳಿಯ ಕವಚ 10 ಆಗಿದ್ದರೆ ಒಂದೇ ಏಟಿಗೆ ಹತ್ತು ಅಂಕ ಹೋಯಿತು. ಮಂತ್ರವಾದಿ ಮೊದಲ ಹೊಡೆತಕ್ಕೇ ನೆಲಕ್ಕುರುಳುವ ಸಾಧ್ಯತೆ ಸದಾ ಇರುತ್ತದೆ. ಒಂದು ಪ್ರಸಂಗದಿಂದ ಇನ್ನೊಂದಕ್ಕೆ ಸಂಗಡಿಗರು ಮುಂದುವರಿಯುವುದರಿಂದ, ಬದುಕಿ ಬಂದವರ ಮೇಲೆ ಮಮತೆಯೂ ಬೆಳೆಯುತ್ತದೆ. ಆದರೆ ಪ್ರತಿ ಸುತ್ತಿನ ಕ್ರಮ ಗಟ್ಟಿ: ಮೊದಲು ರೇಂಜರ್ (ಆಟಗಾರನ ನಾಯಕ), ಆಮೇಲೆ ವೈರಿಗಳು, ಆಮೇಲೆ ಸಂಗಡಿಗರು, ಕೊನೆಗೆ ಆ ಸುತ್ತಿನ ಅನಿರೀಕ್ಷಿತ ಘಟನೆ. ವೈರಿ ಯಾವಾಗ ಕಾಲೆತ್ತುತ್ತಾನೆ ಎಂಬುದು ಗೊತ್ತಿರುವಾಗ ಆಟಗಾರನ ಒಳಗಿನ ಲೆಕ್ಕಿಗ ಎಚ್ಚರಗೊಳ್ಳುತ್ತಾನೆ. ಅಳತೆಪಟ್ಟಿ ಹಿಡಿದು, ಓರ್ಕ್‌ನ ಕೈಗೆ ಎಟುಕದಷ್ಟೇ ದೂರದಲ್ಲಿ ಬಿಲ್ಲುಗಾರನನ್ನು ನಿಲ್ಲಿಸುವ ಚಾಳಿ ನನಗೆ ಬೇಗನೆ ಹತ್ತಿತು. ಘಟನೆಗಳು ಆಗಾಗ ಆ ಲೆಕ್ಕವನ್ನು ಕೆಡಿಸುತ್ತವೆ, ನಿಜ. ಆದರೆ ಸುತ್ತಿನ ಕೊನೆಯಲ್ಲಿ ಮಾತ್ರ.

ಗನೇಶಾ ಗೇಮ್ಸ್‌ನ ‘ಸಾಂಗ್ ಆಫ್ ಬ್ಲೇಡ್ಸ್ ಅಂಡ್ ಹೀರೋಸ್’ 2007ರದು. ಇಟಲಿಯ ಆಂಡ್ರೆಯಾ ಸ್ಫಿಲಿಗೋಯಿ ಅವರ ರಚನೆ. ಒಂದು ಗೊಂಬೆಗೆ ಎರಡೇ ಅಂಕಿ: ಗುಣಮಟ್ಟ ಮತ್ತು ಕಾಳಗಶಕ್ತಿ. ಗೊಂಬೆಯನ್ನು ನಡೆಸುವಾಗ ಆರು ಮುಖದ ದಾಳಗಳನ್ನು ಒಂದು, ಎರಡು ಅಥವಾ ಮೂರು ಉರುಳಿಸುವುದು ನಮ್ಮ ಇಷ್ಟ. ಗುಣಮಟ್ಟವನ್ನು ಮುಟ್ಟಿದ ಪ್ರತಿ ದಾಳಕ್ಕೆ ಒಂದು ಕ್ರಿಯೆ. ಎರಡು ದಾಳ ಕೈಕೊಟ್ಟರೆ ಸರದಿ ಅಲ್ಲಿಗೇ ಮುರಿದು ಎದುರಾಳಿಯ ಪಾಲಾಗುತ್ತದೆ. ಇನ್ನೂ ಕದಲದ ಸಂಗಡಿಗರು ನಿಂತಲ್ಲೇ ನಿಲ್ಲಬೇಕು.

ಇದರ ಗಣಿತವೇ ಇದರ ಸೊಗಸು. ಗುಣಮಟ್ಟ 3 ಇರುವ ವೀರ ಎರಡು ದಾಳ ಹಾಕಿದರೆ ಸರದಿ ಮುರಿಯುವ ಸಂಭವ ಒಂಬತ್ತರಲ್ಲಿ ಒಂದು. ಮೂರು ಹಾಕಿದರೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಗುಣಮಟ್ಟ 4 ಇರುವವನು ಮೂರು ದಾಳ ಹಾಕಿದನೆಂದರೆ ಸರಿಯಾಗಿ ಅರ್ಧಕ್ಕರ್ಧ. ಸೇತುವೆಯ ಈಚೆ ನಿಂತಿದ್ದ ಕುಳ್ಳ ಎರಡು ಹೆಜ್ಜೆ ಹಾಕಿ ಕೊಡಲಿ ಬೀಸಿದರೆ ದಾರಿ ತೆರವಾಗುತ್ತಿತ್ತು. ಮೂರು ದಾಳ ಎಸೆದೆ: ಐದು, ಎರಡು, ಒಂದು. ಕುಳ್ಳ ಒಂದೇ ಹೆಜ್ಜೆ ಇಟ್ಟು ಸೇತುವೆಯ ನಟ್ಟನಡುವೆ ಒಂಟಿಯಾಗಿ ನಿಂತ. ನಾಯಕಿ, ಬಿಲ್ಲುಗಾರ, ಮಂತ್ರವಾದಿ ಮೂವರೂ ಹಿಂದಿನಿಂದ ನೋಡುತ್ತಲೇ ಉಳಿದರು, ಓರ್ಕ್‌ಗಳು ಮೂರು ಕಡೆಯಿಂದ ಬಂದವು. ಇಲ್ಲಿ ದಾಳಕ್ಕೆ ಕಾಳಗಶಕ್ತಿ ಕೂಡಿಸಿದ ಮೊತ್ತ ಎದುರಾಳಿಯದರ ದುಪ್ಪಟ್ಟಾದರೆ ಸಾವು, ಮೂರು ಪಟ್ಟಾದರೆ ನೋಡಿದವರ ಎದೆ ನಡುಗಿಸುವ ಘೋರ ಸಾವು. ಅಷ್ಟು ಮೀರದಿದ್ದರೆ ದಾಳದ ಸಮ-ಬೆಸ ನೋಡಿ ಬೀಳುವುದೋ ಹಿಂದೆ ಸರಿಯುವುದೋ ತೀರ್ಮಾನವಾಗುತ್ತದೆ.

ಕೊರತೆ ಏನೆಂದರೆ, ಇದು ಮೂಲತಃ ಇಬ್ಬರ ಆಟ. ಓರ್ಕ್‌ಗಳಿಗೆ ಎಷ್ಟು ದಾಳ ಎಂಬುದನ್ನೂ ನಾನೇ ನಿರ್ಧರಿಸಬೇಕು. ಎಷ್ಟೇ ಪ್ರಾಮಾಣಿಕನಾದರೂ ಮನಸ್ಸು ನನ್ನ ಕಡೆಗೇ ವಾಲುತ್ತದೆ. ಸಾಮಾನ್ಯ ಓರ್ಕ್‌ಗೆ ಯಾವಾಗಲೂ ಎರಡು ದಾಳ, ಮುಖಂಡನಿಗೆ ಮೂರು, ಗುರಿ ಹತ್ತಿರದ ವೀರ ಎಂದು ಮನೆಯ ನಿಯಮ ಮಾಡಿಕೊಂಡೆ. ಸಾಕಷ್ಟು ನಡೆಯಿತು. ಮುಖಂಡ ಮೂರು ದಾಳದ ಆಸೆಗೆ ಬಿದ್ದು ತನ್ನದೇ ಪಡೆಯ ಸರದಿಯನ್ನು ಹಾಳುಮಾಡುವುದು ಓರ್ಕ್ ಸ್ವಭಾವಕ್ಕೆ ಎಷ್ಟು ಒಪ್ಪುತ್ತದೆಂದರೆ, ಅದಕ್ಕಾಗಿಯೇ ಆ ನಿಯಮವನ್ನು ಉಳಿಸಿಕೊಂಡಿದ್ದೇನೆ.

ಅದೇ ಸ್ಫಿಲಿಗೋಯಿ ಅವರ ‘ಸೆಲ್‌ಸ್ವೋರ್ಡ್ಸ್ ಅಂಡ್ ಸ್ಪೆಲ್‌ಸ್ಲಿಂಗರ್ಸ್’ ಈ ವಾಲುವಿಕೆಯನ್ನು ಬುಡಸಮೇತ ಕಿತ್ತಿದೆ. ಇಲ್ಲಿ ಓರ್ಕ್‌ಗಳಿಗೆ ಸರದಿಯೂ ಇಲ್ಲ, ದಾಳವೂ ಇಲ್ಲ. ನಾನು ಒಂದರಿಂದ ಮೂರರವರೆಗೆ ಇಪ್ಪತ್ತು ಮುಖದ ದಾಳ ಉರುಳಿಸುತ್ತೇನೆ. ಗೆದ್ದ ಪ್ರತಿ ದಾಳಕ್ಕೆ ನನ್ನದೊಂದು ಕ್ರಿಯೆ, ಸೋತ ಪ್ರತಿ ದಾಳಕ್ಕೆ ಕಟ್ಟಿನಿಂದ ಒಂದು ಕಾರ್ಡು. ಆ ಕಾರ್ಡು ಹತ್ತಿರದ ಓರ್ಕ್ ಅನ್ನು ಎಬ್ಬಿಸಬಹುದು, ಹೊಸ ಹಿಂಡನ್ನು ಮೇಜಿಗೆ ಕರೆತರಬಹುದು, ಬೇರೊಂದು ಪೀಕಲಾಟ ತಂದಿಡಬಹುದು. ಪ್ರತಿ ವೈರಿಗೂ ಅಪಾಯದ ಒಂದು ಅಂಕಿಯಿದೆ. ನಾನು ಹೊಡೆಯುವಾಗ ಅದನ್ನು ಮುಟ್ಟಬೇಕು. ಅವನು ಎರಗಿದಾಗಲೂ ದಾಳ ನನ್ನದೇ, ಮುಟ್ಟದಿದ್ದರೆ ಗಾಯ.

ಕೊನೆಯ ನಿಧಿ ಬಿಲ್ಲುಗಾರನ ಕಾಲಬುಡದಲ್ಲಿತ್ತು. ಬಾಗಿ ಎತ್ತಲು ಒಂದು ಕ್ರಿಯೆ, ಕಾಡಿಗೆ ಓಡಲು ಒಂದು, ಸುರಕ್ಷಿತ ಮರೆಗೆ ಇನ್ನೊಂದು. ದಾಳಗಳಲ್ಲಿ 17, 12, 4 ಬಿದ್ದವು. ಎತ್ತಿಕೊಂಡು ಕಾಡಿನಂಚಿಗೆ ಬಂದ. ನಾಲ್ಕರ ತಪ್ಪಿಗೆ ಕಾರ್ಡು ತೆಗೆದರೆ ಹತ್ತಿರದ ಓರ್ಕ್‌ಗೆ ಚಾಲನೆ. ಹತ್ತಿರದ್ದು ಎಂದರೆ ಮಂತ್ರವಾದಿಯ ಮಗ್ಗುಲಲ್ಲಿದ್ದ ಮುಖಂಡ. ಬಿಲ್ಲುಗಾರನ ಆಸೆಗೆ ಮಂತ್ರವಾದಿ ಬೆಲೆ ತೆತ್ತ. ಈ ನೇರ ಸಂಬಂಧ ಉಳಿದ ಮೂರರಲ್ಲಿ ಇಲ್ಲ: ಓರ್ಕ್ ಎದ್ದದ್ದು ಅದರ ಸರದಿ ಬಂದದ್ದಕ್ಕಲ್ಲ, ನಾನು ಮೂರನೆಯ ದಾಳಕ್ಕೆ ಕೈ ಹಾಕಿದ್ದಕ್ಕೆ. ಅವುಗಳ ಬುದ್ಧಿ ರೇಂಜರ್ಸ್‌ಗಿಂತಲೂ ಮೊಂಡು. ಆದರೂ ಬೆವರಿಳಿಸಿದ್ದು ಇವೇ.

ದೋಷಗಳೂ ಇವೆ. ಬೆನ್ನ ಹಿಂದಿನಿಂದ ಹಿಂಡು ಪ್ರತ್ಯಕ್ಷವಾದಾಗ, ಇವು ಇಷ್ಟು ಹೊತ್ತು ಎಲ್ಲಿದ್ದವು ಎಂದು ಕಥೆಯ ಕಡೆಯಿಂದ ಕೇಳಿದರೆ ಉತ್ತರವಿಲ್ಲ. ಕಾರ್ಡುಗಳು ಪರಿಚಿತವಾದಂತೆ, ಕಟ್ಟು ಮುಗಿಯುವ ಹೊತ್ತಿಗೆ ಏನು ಬಾಕಿಯಿದೆ ಎಂಬ ಅಂದಾಜು ಸಿಗುತ್ತದೆ. ನಾನು ಅರ್ಧಕ್ಕೇ ಮತ್ತೆ ಕಲಸುತ್ತೇನೆ. ಕಾರ್ಡುಗಳನ್ನು ಮುದ್ರಿಸಿಕೊಂಡರೆ ದಪ್ಪ ಕಾಗದವೇ ಇರಲಿ, ತೆಳುವಾದದ್ದು ಬೇಗ ಮೂಲೆ ಮಡಚಿಕೊಂಡು ಗುರುತು ಸಿಕ್ಕಿಬಿಡುತ್ತದೆ.

ಸಂಜೆಗೊಂದು ಕಾಳಗ ಸಾಕೆನ್ನುವವರಿಗೆ ಸೆಲ್‌ಸ್ವೋರ್ಡ್ಸ್ ಎನ್ನಲು ನನಗೆ ಹಿಂಜರಿಕೆಯಿಲ್ಲ. ತಿಂಗಳುಗಟ್ಟಲೆ ಬೆಳೆಯುವ ಕಥೆ ಬೇಕಾದರೆ ರೇಂಜರ್ಸ್. ಹೊಸಬರು ಉಚಿತವಾದದ್ದರಿಂದ ಶುರುಮಾಡಲಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಜೊತೆಗಾರ ಇದ್ದರೆ ಸರಿ. ಒಬ್ಬರೇ ಆದರೆ ಆ ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು, ಸಾಂಗ್ ಅನ್ನು ಎರಡು ದಾಳದ ಮನೆ ನಿಯಮದೊಡನೆ ಆರು ಓರ್ಕ್‌ಗಳ ಮೇಲೆ ಆಡಿ ನೋಡಿ. ಗೊಂಬೆಗಳಿಗೆ ಬಣ್ಣ ಬಳಿದು ಮುಗಿಯುವವರೆಗೂ ಕಾಯಬೇಡಿ. ಬೂದು ಬಣ್ಣದ ಓರ್ಕ್ ಕೂಡ ಅಷ್ಟೇ ಗಟ್ಟಿಯಾಗಿ ಹೊಡೆಯುತ್ತದೆ.