ಸ್ವೀಡನ್ನಿನ ಕಿತ್ತಳೆ ಲಕೋಟೆ: ವರ್ಷಗಟ್ಟಲೆ ಬಳಸಿದ ಮೇಲೆ

ಸ್ವೀಡನ್ನಿಗೆ ಬಂದವರೆಲ್ಲ ಮಗು ಹುಟ್ಟಿದಾಗ ಸಿಗುವ 480 ದಿನಗಳ ರಜೆಯನ್ನು ಹೊಗಳಿ ಬರೆದಾಗಿದೆ. ನನ್ನ ವಿಮರ್ಶೆ ಇಲ್ಲಿನ ಪಿಂಚಣಿಯದು. ಅದರಲ್ಲೂ ವರ್ಷದ ಶುರುವಿನಲ್ಲಿ ಅದರ ಲೆಕ್ಕ ಹೊತ್ತು ಬರುವ ಕಿತ್ತಳೆ ಲಕೋಟೆಯದು.

1990ರ ದಶಕದ ಆರಂಭದಲ್ಲಿ ಇಲ್ಲಿನ ಬ್ಯಾಂಕುಗಳು ಮುಗ್ಗರಿಸಿದವು. 1992ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ನಾಣ್ಯ ಕ್ರೋನಾದ ಬೆಲೆ ಉಳಿಸಲು ಕೇಂದ್ರ ಬ್ಯಾಂಕ್ ಬಡ್ಡಿಯನ್ನು 500%ಕ್ಕೆ ಏರಿಸಿತು, ನವೆಂಬರ್‌ನಲ್ಲಿ ಕೈಚೆಲ್ಲಿತು. ಜಾಸ್ತಿ ಗಳಿಸಿದ 15 ವರ್ಷ ಹಿಡಿದು ಲೆಕ್ಕ ಹಾಕುತ್ತಿದ್ದ ಹಳೆ ಪಿಂಚಣಿಗೆ ಇನ್ನು ದುಡ್ಡು ಸಾಲದು ಅನ್ನೋದು ಖಚಿತವಾಯಿತು. 1994ರಲ್ಲಿ ಎಡ ಬಲದ ಐದು ಪಕ್ಷಗಳು ಕೂತು ಹೊಸ ಪಿಂಚಣಿಯ ಒಪ್ಪಂದಕ್ಕೆ ಬಂದವು. ಈಗ ಒಂದು ಮಿತಿಯವರೆಗೆ ದುಡಿದ ಪ್ರತಿ ಕ್ರೋನಾಕ್ಕೂ 18.5% ನಮ್ಮ ಹೆಸರಿಗೆ ಬರುತ್ತದೆ. ಆ 18.5ರಲ್ಲಿ 2.5 ನಾವೇ ಆರಿಸಬಹುದಾದ ಹೂಡಿಕೆ ಫಂಡಿಗೆ. ಫಂಡ್ ಆರಿಸುವ ಗೋಜಿಗೆ ನಾನು ಹೋಗಿಲ್ಲ. ಆರಿಸದವರ ದುಡ್ಡು ಹೋಗುವ ಸರ್ಕಾರದ ಫಂಡ್ ಎಪಿ7 ಸಾಕು.

ಬೆಂಗಳೂರಿನ ಹಳೆ ಕಂಪನಿಯ ಪಿಎಫ್ ಎಲ್ಲಿದೆ ಅಂತ ಹುಡುಕಿ ಸುಸ್ತಾದವನಿಗೆ ಈ ಲಕೋಟೆ ಹಬ್ಬವೇ ಸರಿ. ಬಂದ ಸಂಜೆ ಫಿಲ್ಟರ್ ಕಾಫಿ ಇಳಿಯುವಷ್ಟರಲ್ಲಿ ನಾನು ನನ್ನದನ್ನು, ಹೆಂಡತಿ ಅವಳದನ್ನು ಒಡೆದು ಕೂರುತ್ತೇವೆ. ಹೋದ ವರ್ಷದ ಬಾಕಿ, ಈ ವರ್ಷ ಸೇರಿದ್ದು, ಆಡಳಿತದ ಖರ್ಚು ಅಂತ ಹಿಡಿದುಕೊಂಡದ್ದು. ನಡುವೆ ಒಂದು ಸಾಲು: ವಾರಸಿನ ಪಾಲು. ನಾನು ಹುಟ್ಟಿದ ವರ್ಷವೇ ಹುಟ್ಟಿ, ಪಿಂಚಣಿ ನೋಡದೆ ತೀರಿಕೊಂಡವರ ಖಾತೆಯನ್ನು ಉಳಿದ ನಮಗೆ ಹಂಚುತ್ತಾರೆ. ನನಗೆ ಸಿಗೋದು ಚಿಲ್ಲರೆ ಕ್ರೋನಾ. ಆದರೂ ಮೊದಲ ಸಲ ಓದಿದಾಗ ಕಾಫಿ ರುಚಿಸಲಿಲ್ಲ. ಹೆಂಡತಿ ಈಗಲೂ ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಓದುತ್ತಾಳೆ. ನನಗೆ ಬರಬರುತ್ತಾ ಅದೇ ಸಾಲಿನ ಮೇಲೆ ಗೌರವ ಬಂತು. ಒಟ್ಟು ಮೊತ್ತದಲ್ಲಿ ಸುಮ್ನೆ ಸೇರಿಸಿಬಿಡಬಹುದಿತ್ತು, ಅಲ್ವಾ? ಬಿಡಿಸಿ ಬರೆದಿದ್ದಾರೆ.

ಆದರೆ ಹೀಗೆ ಬಿಡಿಸಿ ಬರೆದಾಗಲೇ ನಮ್ಮಂಥವರ ಕಥೆಯೂ ಗೊತ್ತಾಗೋದು. ಇಡೀ ಆಯುಷ್ಯದ ದುಡಿಮೆ ಎಣಿಸುವ ಪದ್ಧತಿಯಲ್ಲಿ ಮೂವತ್ತು ದಾಟಿ ಬಂದವರ ಅಂಕಿ ಮೇಲೇಳುವುದಿಲ್ಲ. ಮಗು ಚಿಕ್ಕದಿದ್ದ ಮೊದಲ ನಾಲ್ಕು ವರ್ಷಕ್ಕೆ ಹೆಚ್ಚುವರಿ ಲೆಕ್ಕ ಸಿಗುತ್ತದೆ, ನಿಜ. ಆಮೇಲೂ ಅರ್ಧ ದಿನದ ಕೆಲಸವನ್ನೇ ಮುಂದುವರಿಸಿದ ಹೆಂಡತಿಯ ಕಾಗದ ನೋಡಿದರೆ ಬೇಜಾರಾಗುತ್ತದೆ. ಸಾಲದ್ದಕ್ಕೆ, ನಮ್ಮ ಓರಗೆಯವರು ಜಾಸ್ತಿ ವರ್ಷ ಬದುಕುವ ಅಂದಾಜಿದ್ದರೆ ತಿಂಗಳ ಕಂತು ಚಿಕ್ಕದಾಗುತ್ತದೆ.

ಇನ್ನೊಂದು ‘ಬ್ರೇಕ್’. ಪಿಂಚಣಿ ವ್ಯವಸ್ಥೆ ಕೊಡಬೇಕಾದ್ದು ಅದರ ಬಳಿ ಇರುವುದಕ್ಕಿಂತ ಹೆಚ್ಚಾದರೆ ಸಂಸತ್ತನ್ನು ಕೇಳದೆ ತಾನಾಗಿ ಬೀಳುತ್ತದೆ. 2008ರ ಆರ್ಥಿಕ ಕುಸಿತದ ಪೆಟ್ಟಿಗೆ 2010ರಲ್ಲಿ ನಿವೃತ್ತರ ಕೈಗೆ ಬರುವ ಪಿಂಚಣಿಯೇ ಇಳಿಯಿತು. ಆಗಿನ್ನೂ ಹೊಸಬನಾದ ನನ್ನ ಖಾತೆಯಲ್ಲೂ ಒಂದು ಮೈನಸ್ ಕಂಡಿತು. ಬ್ರೇಕ್ ಒತ್ತುವ ಪಾಪ ಬೇಡ ಅಂತ ಯಂತ್ರಕ್ಕೆ ಒಪ್ಪಿಸಿದ್ದ ರಾಜಕಾರಣಿಗಳು ನಿವೃತ್ತರ ತೆರಿಗೆ ಇಳಿಸಿ ಸಮಾಧಾನ ಮಾಡಿದರು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಇಪ್ಪತ್ತರಲ್ಲೇ ಇಲ್ಲಿ ಕೆಲಸಕ್ಕೆ ಸೇರಿದವರು ಇನ್ನೊಂದು ಸೇರಿಸಿಕೊಳ್ಳಿ. ಊರಿಗೆ ವಾಪಸ್ ಹೋಗುವವರಿಗೆ: ದುಡಿದು ಗಳಿಸಿದ ಪಿಂಚಣಿ ಭಾರತಕ್ಕೂ ಬರುತ್ತದೆ. ಕಡಿಮೆ ಗಳಿಸಿದವರಿಗೆ ಇಲ್ಲಿ ಕೊಡುವ ಖಾತರಿ ಪಿಂಚಣಿ ಬರುವುದಿಲ್ಲ. ಮತ್ತೆ ಬದುಕಿದ್ದೀನಿ ಅಂತ ಪ್ರತಿ ವರ್ಷ ಪ್ರಮಾಣಪತ್ರ ಕಳಿಸಬೇಕು. ಮರೆತರೆ ದುಡ್ಡು ನಿಲ್ಲಿಸುತ್ತಾರೆ.